ಎಡಗಾಲಿನ ಪೆಡಲು

ಎಲ್ಡನ್ ಕ್ಲಾಪ್‌ನ ಟ್ರ್ಯಾಕ್ಟರನ್ನು ನಾನು ಹಾಳು ಮಾಡಿದೆ ಎಂದು ಯಾರೂ ಹೇಳುವ ಹಾಗಿಲ್ಲ. ಓಹಾಯೋದ ನಮ್ಮ ಕೌಂಟಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಹೊಸದಾದ ಹಳೆಯ ಟ್ರ್ಯಾಕ್ಟರ್ ಇನ್ನೊಂದಿರಲಿಲ್ಲ, ಈಗಲೂ ಇಲ್ಲ. ಆ ಕೆಲಸ ಮಾಡಿದವನು ನಾನು, ಮರ್ಲ್ ಸ್ಟಕಿ. ಯಾಕೆ ಮಾಡಿದೆ ಅನ್ನುವುದು ಬೇರೆ ಮಾತು, ಅದನ್ನೂ ಹೇಳುತ್ತೇನೆ.

ನಮ್ಮದು ಹಳೆಯ ತೋಟದ ಟ್ರ್ಯಾಕ್ಟರುಗಳ ಕ್ಲಬ್ಬು. ಹೊಲ ಉಳುವ ದೊಡ್ಡವಲ್ಲ, ಹುಲ್ಲು ಕತ್ತರಿಸುವ, ಹಿಮ ತಳ್ಳುವ ಪುಟ್ಟವು. ನಮ್ಮಲ್ಲಿ ಎರಡು ಪಂಗಡ. ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಬೋಲ್ಟು ಕೂಡ ಬೇರೆಯದಾಗಬಾರದು ಅನ್ನುವವರು ನಾವು. ಕೊಯ್ದು, ವೆಲ್ಡಿಂಗ್ ಮಾಡಿ, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುವವರು ಅವರು. ಎಲ್ಡನ್ ಅವರಲ್ಲಿ ಅಗ್ರಗಣ್ಯ.

ಅವನು ನನ್ನ ಸ್ಕೂಲಿನವನೇ. ಧಾನ್ಯದ ಗೋದಾಮಿನ ಯಂತ್ರಕ್ಕೆ ಸಿಕ್ಕಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಟ್ರ್ಯಾಕ್ಟರಿನ ಕ್ಲಚ್ ಇರುವುದು ಎಡಗಾಲಿಗೆ. ಬೇರೆ ಯಾರಾದರೂ ಆಗಿದ್ದರೆ ಗಾಡಿ ಮಾರಿ ಮನೆಯಲ್ಲಿ ಕೂರುತ್ತಿದ್ದರು. ಇವನು ಪೆಡಲನ್ನೇ ಕಿತ್ತೆಸೆದು, ಮಡ್‌ಗಾರ್ಡನ್ನು ಗರಗಸದಲ್ಲಿ ಕೊಯ್ದು, ಹಳೇ ಹಾಸಿಗೆ ಮಂಚದ ಕಬ್ಬಿಣದಿಂದ ಕೈಯಲ್ಲಿ ಎಳೆಯುವ ಒಂದು ಲಿವರ್ ಮಾಡಿ ಕ್ಲಚ್ಚಿಗೆ ಜೋಡಿಸಿದ. ನೋಡಲು ಅಸಹ್ಯ. ಆದರೆ ಕಾಲಿಗಿಂತ ಕೈಗೆ ಹದ ಚೆನ್ನಾಗಿ ಗೊತ್ತು. ಪ್ರತಿ ಸೆಪ್ಟೆಂಬರಿನಲ್ಲಿ ತೂಕದ ಬಂಡಿಯನ್ನು ಯಾರು ಹೆಚ್ಚು ದೂರ ಎಳೆಯುತ್ತಾರೆಂದು ನಡೆಯುವ ಪಂದ್ಯದಲ್ಲಿ ಕ್ಲಚ್ ಬಿಡುವ ಆ ಒಂದು ಕ್ಷಣವೇ ಎಲ್ಲ. ಮೂರು ವರ್ಷ ಸಾಲಾಗಿ ಅವನು ಗೆದ್ದ, ಮೂರು ವರ್ಷವೂ ನಾನು ಎರಡನೆಯವನು.

ಸೋಲು ನುಂಗಬಹುದಿತ್ತು. ಅವನ ಬಾಯಿ ನುಂಗಲು ಆಗುತ್ತಿರಲಿಲ್ಲ.

"ಮರ್ಲ್, ನಿನ್ನ ಗಾಡಿಗೆ ಮೇಕಪ್ ಜಾಸ್ತಿ ಆಯ್ತು ಕಣೋ. ಅದಕ್ಕೇ ಅದು ಜನರ ಮುಂದೆ ಓಡೋಕೆ ನಾಚ್ಕೊಳ್ಳುತ್ತೆ!" ಎಂದು ಗ್ಯಾಲರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಬಣ್ಣ ಬಳಿದು ಹೇಳುವುದರಲ್ಲಿ ಅರ್ಥವಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಅವನ ಮೊಂಡುಗಾಲಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದ. ನೋಡಲು ಹೋದೆ. ಈ ಸಲ ಮೊಣಕಾಲಿನ ಮೇಲಕ್ಕೆ ಕತ್ತರಿಸಿದ್ದರು. ಹಾಕಿಕೊಳ್ಳುತ್ತಿದ್ದ ಕೃತಕ ಕಾಲು ಇನ್ನು ಉಪಯೋಗವಿಲ್ಲ, ಹೊಸದು ಕೂರುವುದೂ ಇಲ್ಲ ಎಂದು ಅವನೇ ಹೇಳಿದ.

"ಹೋದ್ರೆ ಹೋಗ್ಲಿ ಬಿಡೋ," ಅಂದ. "ಸೆಪ್ಟೆಂಬರ್ ಪಂದ್ಯಕ್ಕೆ ಬಂದೇ ಬರ್ತೀನಿ. ಲಿವರ್ ಇದೆಯಲ್ಲ, ಕಾಲು ಯಾರಿಗೆ ಬೇಕು?" ಹೊದಿಕೆಯನ್ನು ಮೊಂಡುಗಾಲಿನ ಮೇಲೆ ಎಳೆದುಕೊಂಡು, "ಆ ಸೀಟಲ್ಲಿ ಕೂತಾಗ ಮಾತ್ರ ಕಣೋ, ನಾನು ಕುಂಟ ಅನ್ನೋದು ಜನಕ್ಕೆ ಮರೆತು ಹೋಗುತ್ತೆ. ಅದೊಂದು ಇದ್ರೆ ಸಾಕು ನಂಗೆ" ಎಂದ. ಅವನು ಅಂಥ ಮಾತನ್ನು ಇನ್ನೊಬ್ಬರ ಹತ್ತಿರ ಆಡಿರಲಾರ. ನಾನು ತಲೆಯಾಡಿಸಿ, ಅವನ ದಿಂಬು ಸರಿಮಾಡಿ ಬಂದೆ.

ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಸದಸ್ಯರು ಯಾರಾದರೂ ಆಸ್ಪತ್ರೆ ಸೇರಿದರೆ ಅವರ ಟ್ರ್ಯಾಕ್ಟರನ್ನು ಗುಟ್ಟಾಗಿ ತಂದು, ಎಲ್ಲರೂ ಸೇರಿ ಹೊಸದು ಮಾಡಿ, ವಾಪಸು ಬರುವ ದಿನ ಮನೆಯ ಮುಂದೆ ರಿಬ್ಬನ್ ಕಟ್ಟಿ ನಿಲ್ಲಿಸುವುದು. ಎಲ್ಡನ್ ಗಾಡಿಯನ್ನು ನನ್ನ ಶೆಡ್ಡಿನಲ್ಲೇ ಮಾಡೋಣ ಎಂದು ನಾನೇ ಮುಂದೆ ಬಿದ್ದೆ. ಅವನ ಹೆಂಡತಿ ಲವೊನ್ ಕಣ್ಣೊರೆಸಿಕೊಳ್ಳುತ್ತಾ ಬೀಗದ ಕೈ ಕೊಟ್ಟಳು.

ಆರು ವಾರ ಜೀವ ತೇದೆ. ತುಕ್ಕು ಕೆರೆದೆ, ಇಂಜಿನ್ ಬಿಚ್ಚಿ ಕಟ್ಟಿದೆ, ಕೊಯ್ದ ಮಡ್‌ಗಾರ್ಡಿಗೆ ತೇಪೆ ಹಾಕಿ ಗೆರೆ ಕಾಣದ ಹಾಗೆ ಉಜ್ಜಿದೆ. ಕಂಪನಿ ಮುಚ್ಚಿ ಐವತ್ತು ವರ್ಷವಾಗಿದ್ದರೂ ಇಂಡಿಯಾನಾದ ಒಬ್ಬನ ಅಟ್ಟದಲ್ಲಿ ಅಸಲಿ ಕ್ಲಚ್ ಪೆಡಲು ಸಿಕ್ಕಿತು, ಮೇಣದ ಕಾಗದ ಕೂಡ ಬಿಚ್ಚಿರಲಿಲ್ಲ. ಅದನ್ನು ಕೂರಿಸಿದೆ. ಲಿವರನ್ನು ಕತ್ತರಿಸಿ ಗುಜರಿಗೆ ಹಾಕಿದೆ.

ನಮ್ಮ ಕ್ಲಬ್ಬಿನಲ್ಲಿ ಕಾರ್ಬ್ಯುರೇಟರ್ ಕೆಲಸ ಮಾಡುವ ವಿಲ್ಮಾ ಒಬ್ಬಳೇ ಕೇಳಿದವಳು.

"ಲಿವರ್ ಎಲ್ಲೋ? ಅವನಿಗೆ ಅದು ಬೇಕಲ್ವಾ?"

"ಈ ಸಲ ಹೊಸಾ ಕಾಲು ಕೊಡ್ತಾರಂತೆ ಕಣೆ, ಒಳ್ಳೇದು. ಇನ್ನು ಪೆಡಲೇ ಹಾಕಿಸ್ಕೋಬೇಕು ಅಂತ ಆಸ್ಪತ್ರೇಲಿ ಅವನೇ ಅಂತಿದ್ದ."

"ಹೌದಾ? ದೇವರು ದೊಡ್ಡವನು ಬಿಡು," ಎಂದು ಅವಳು ತನ್ನ ಕೆಲಸಕ್ಕೆ ಹೋದಳು.

ನನಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಎಲ್ಡನ್ ಸತ್ತರೂ "ನನ್ನ ಕೈಲಾಗಲ್ಲ" ಎಂದು ನಾಲ್ಕು ಜನರ ಮುಂದೆ ಹೇಳುವವನಲ್ಲ. ಬಾಯಿ ಮುಚ್ಚಿಕೊಂಡು ಥ್ಯಾಂಕ್ಸ್ ಹೇಳಿ, ಗಾಡಿಯನ್ನು ಒಳಗಿಟ್ಟು ಬೀಗ ಹಾಕುತ್ತಾನೆ ಎಂದುಕೊಂಡಿದ್ದೆ.

ಜೂನ್ ಮೊದಲ ಶನಿವಾರ ಅವನು ಬಂದ. ಅಂಗಳದಲ್ಲಿ ಮೂವತ್ತು ಜನ, ಆಲೂಗಡ್ಡೆ ಸಲಾಡು, ಹಣ್ಣಿನ ಪೈ ತಟ್ಟೆಗಳು, ಚರ್ಚಿನ ಮಡಚುವ ಕುರ್ಚಿಗಳು. ಗಾಲಿಕುರ್ಚಿಯಲ್ಲಿ ಕೂತವನು ಟ್ರ್ಯಾಕ್ಟರ್ ಕಂಡು ಮೊದಲು ನಕ್ಕ. ಬಣ್ಣ ಹಾಗೆ ಹೊಳೆಯುತ್ತಿತ್ತು. ಆಮೇಲೆ ಅವನ ಕಣ್ಣು ಎಡಪಕ್ಕಕ್ಕೆ ಹೋಗಿ ಅಲ್ಲೇ ನಿಂತಿತು.

"ಹತ್ತೋ ಎಲ್ಡನ್! ಸ್ಟಾರ್ಟ್ ಮಾಡು!" ಎಂದು ಜನ ಕೂಗಿದರು. ಇಬ್ಬರು ಅವನನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. ಪಿನ್ನು ಚುಚ್ಚಿ ಮಡಚಿದ ಪ್ಯಾಂಟಿನ ಕಾಲು ಹೊಚ್ಚಹೊಸ ಪೆಡಲಿನಿಂದ ಒಂದೂವರೆ ಅಡಿ ಮೇಲೆ ಉಳಿಯಿತು. ಜನ ಕೂಗುತ್ತಲೇ ಇದ್ದರು. ಅವನು ನನ್ನ ಕಡೆ ತಿರುಗಿದ.

"ಮರ್ಲ್, ಲಿವರ್?"

"ಅಸಲಿ ಹೇಗಿತ್ತೋ ಹಾಗೇ ಮಾಡಿದ್ದೀವಿ ಕಣೋ," ಎಂದೆ.

ಅವನ ಮುಖ ಕೆಂಪಾಯಿತು. ನಾನು ಎಣಿಸಿದ್ದು ಅಲ್ಲಿ ತಪ್ಪಿತು. ಅವನು ಸ್ಟೀರಿಂಗ್ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ, "ನಂಗೆ ಇದನ್ನ ತುಳಿಯೋಕೆ ಕಾಲಿಲ್ಲ. ನನ್ನ ಕೈಲಾಗಲ್ಲ" ಎಂದ.

ಹೆಂಗಸರು ಬಾಯಿಗೆ ಕೈ ಹಿಡಿದರು. ಲವೊನ್ ಅಳಲು ಶುರುಮಾಡಿದಳು. ವಿಲ್ಮಾ ನನ್ನನ್ನೇ ನೋಡುತ್ತಿದ್ದಳು. "ಅಯ್ಯೋ, ಹೊಸ ಕಾಲು ಬರುತ್ತೆ ಅಂತಲೇ ನಂಬಿದ್ದೆ" ಎಂದು ನಾನು ತಲೆ ಚಚ್ಚಿಕೊಂಡೆ. ಅಂದಿನಿಂದ ಊರು ಅವನ ಹತ್ತಿರ ಮಗುವಿನ ಜೊತೆ ಮಾತಾಡಿದ ಹಾಗೆ, ನಿಧಾನವಾಗಿ, ಗಟ್ಟಿಯಾಗಿ ಮಾತಾಡತೊಡಗಿತು. ಅಂಗಡಿಯಲ್ಲಿ ಅವನ ಚೀಲ ಬೇರೆಯವರು ಹೊರುತ್ತಿದ್ದರು. ಯಾರೂ ಅವನ ಜೊತೆ ತಮಾಷೆ ಮಾಡುತ್ತಿರಲಿಲ್ಲ, ಅವನೂ ಮಾಡಲಿಲ್ಲ. ನಾನು ಬಯಸಿದ್ದಕ್ಕಿಂತ ಹೆಚ್ಚೇ ಆಗಿತ್ತು.

ಆಗಸ್ಟಿನಲ್ಲಿ ಹೋಗಿ, "ಲಿವರ್ ಮತ್ತೆ ಮಾಡ್ಕೊಡ್ತೀನಿ, ಒಂದು ದಿನದ ಕೆಲಸ" ಎಂದೆ. ಪಾಪಪ್ರಜ್ಞೆಯೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ವಿಲ್ಮಾ ಬಾಯಿಬಿಟ್ಟಾಳೆಂಬ ಹೆದರಿಕೆಯಂತೂ ಇತ್ತು.

"ಬೇಡ," ಎಂದ. "ಇನ್ನು ಎಂಥಾ ಲಿವರ್ ಹಾಕಿದ್ರೂ ಜನ ನೋಡೋದು ಕಾಲನ್ನೇ." ನಾನು ಬಾಗಿಲು ದಾಟುವಾಗ, "ಆಸ್ಪತ್ರೇಲಿ ನಿಂಗೆ ಹೇಳಿದ್ನಲ್ಲೋ" ಎಂದಷ್ಟೇ ಸೇರಿಸಿದ.

ಸೆಪ್ಟೆಂಬರ್ ಪಂದ್ಯ ನಾನು ಗೆದ್ದೆ. ಕಪ್ಪನ್ನು ಎಲ್ಡನ್ ಕೈಯಿಂದ ಕೊಡಿಸಬೇಕೆಂದು ಕ್ಲಬ್ಬಿನವರು ಗಾಲಿಕುರ್ಚಿ ತಳ್ಳಿಕೊಂಡು ಬಂದರು. ನಾನು ಗೆದ್ದಾಗ ಕೂತೇ ಚಪ್ಪಾಳೆ ತಟ್ಟಿದ ಗ್ಯಾಲರಿ ಅವನನ್ನು ಕಂಡು ಎದ್ದು ನಿಂತಿತು, ಕೆಲವರು ಅತ್ತರು. ಅವನ ಮುಖ ಮರದ ಹಾಗಿತ್ತು. ಕಪ್ ತೆಗೆದುಕೊಳ್ಳಲು ನಾನು ಬಗ್ಗಿದೆ.

"ಎಷ್ಟು ಎಳೆದೆಯೋ?" ಎಂದು ಕಿವಿಯ ಹತ್ತಿರ ಕೇಳಿದ.

"ಇನ್ನೂರ ಹನ್ನೊಂದು ಅಡಿ."

"ಹೋದ್ವರ್ಷ ನಾನು ಇನ್ನೂರ ನಲವತ್ತು. ಒಂದೇ ಕಾಲಲ್ಲಿ." ಹಾಗೆಂದವನು ಕಪ್ಪನ್ನು ನನ್ನ ಕೈಗೆ ಬಿಟ್ಟು, ಕುರ್ಚಿಯನ್ನು ತಾನೇ ತಿರುಗಿಸಿಕೊಂಡು ಹೊರಟ. ಜನ ಇನ್ನೂ ನಿಂತೇ ಇದ್ದರು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಫೋಟೋದವನು ನನಗೆ ನಗು ಎಂದ, ನಾನು ನಕ್ಕೆ.