ಅನ್ನಮ್ಮನ ಹುಲ್ಲಿನ ಟೊಪ್ಪಿಗೆ

“ಏ ರಂಡಿ, ತಲಿ ಮ್ಯಾಲಿನ ಟೊಪ್ಪಿಗಿ ತಗಿ. ನನ್ನ ಮುಂದ ದೊರೆಸಾನಿ ಹಂಗ ನಿಂತೀ?”

ಕಮಲಾಪುರದ ಕೆಂಪುಬಾಳೆಯ ತೋಟದಲ್ಲಿ ಗೊನೆ ಹೊತ್ತು ಬರುತ್ತಿದ್ದ ಅನ್ನಮ್ಮ ಸಾಹುಕಾರ ದೌಲಪ್ಪನ ಕಡೆ ತಿರುಗಿದಳು.

“ಎರಡೂ ಕೈಯಾಗ ಗೊನಿ ಅದರಿ ಧಣಿ. ನೀವೇ ತಗೀರಿ. ನನ್ನ ಮುಟ್ಟಿದ್ರ ಜಳಕ ಮಾಡಬೇಕಾಗ್ತದ, ಅಷ್ಟ ನೋಡ್ಕೋರಿ.”

ಹಿಂದೆ ನಿಂತಿದ್ದ, ಜೊತೆಗೆ ಕೂಲಿ ಮಾಡುವ ಗೆಳತಿ ರೋಷನಬಿ ಸೆರಗಿನಲ್ಲಿ ನಗು ಅದುಮಿದಳು. ದೌಲಪ್ಪ ಬಡಿಗೆಯಿಂದ ಟೊಪ್ಪಿಗೆಯನ್ನು ಹಾರಿಸಿದ. ಅದು ಕಾಲುವೆಗೆ ಬಿದ್ದು ಬಾತುಕೋಳಿಯಂತೆ ತೇಲಿತು. ಬಡಿಗೆಯಿಂದಲೇ ಎತ್ತಿ ನೋಡಿದರೆ ಒಳಗೆ ಹನಿ ನೀರಿಲ್ಲ. ಗೋಧಿಯ ದಂಟನ್ನು ಉಗುರಿನಲ್ಲಿ ಸೀಳಿ ಅಷ್ಟು ಒತ್ತಾಗಿ ಹೆಣೆದಿದ್ದಳು ಅನ್ನಮ್ಮ. ಮಡಚಿ ಸೊಂಟಕ್ಕೆ ಸಿಕ್ಕಿಸಿದರೂ ಬಿಚ್ಚಿದೊಡನೆ ತನ್ನ ಆಕಾರಕ್ಕೆ ಬರುತ್ತಿತ್ತು. ನೆತ್ತಿ ಸುಡುವ ಬಿಸಿಲಲ್ಲೂ ಅದರಡಿ ತಲೆ ತಣ್ಣಗಿರುತ್ತಿತ್ತು.

ದೌಲಪ್ಪ ಅದನ್ನು ಜೀಪಿಗೆ ಹಾಕಿಕೊಂಡ.

“ಅದು ನಂದ್ರಿ,” ಅಂದಳು ಅನ್ನಮ್ಮ.

“ಹೊಲ ನಂದು, ಹುಲ್ಲು ನಂದು. ಟೊಪ್ಪಿಗಿ ನಿಂದು ಹ್ಯಾಂಗಾಯ್ತು?”

ತಿಂಗಳೊಳಗೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಅವನ ಹೆಂಡತಿಯ ಹೆಸರಿನ ಅಂಗಡಿಯ ಬೋರ್ಡು ಎದ್ದಿತು: ‘ನಾಗರತ್ನಾ ಕರಕುಶಲ’. ತೋಟದ ಹೆಂಗಸರಿಗೆ ಹುಲ್ಲಿನ ಟೊಪ್ಪಿಗೆ ಹೆಣೆಯುವ ಕಲೆ ಕಲಿಸಿದವಳು ಅವಳೇ ಎಂದು ಕೆಳಗೆ ಬರೆದಿತ್ತು. ಆ ಕಲೆಯನ್ನು ನೋಡಲು ಬೆಂಗಳೂರಿನಿಂದ ಅಧಿಕಾರಿ ಮೇಡಂ ಬರುವ ದಿನ, ಬೇಕಾದೀತೆಂದು ಅನ್ನಮ್ಮನನ್ನೂ ಜೀಪಿನ ಹಿಂದೆ ಕೂರಿಸಿ ತಂದರು.

ಐವಾನ್-ಎ-ಶಾಹಿ ಅತಿಥಿಗೃಹದ ಬಳಿಯ ಸಭಾಂಗಣದಲ್ಲಿ ಅವಳಿಗೆ ಕಂಬದ ಹಿಂದೆ ಚಾಪೆ ಹಾಸಿದ್ದರು.

“ಬಾಯಿ ಬಿಟ್ಟಿ ಅಂದ್ರ ನಾಳಿಂದ ತ್ವಾಟದಾಗ ಕಾಲಿಡಬ್ಯಾಡ,” ದೌಲಪ್ಪ ಹಲ್ಲು ಕಡಿದ.

ಮೇಡಂ ಟೊಪ್ಪಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಷ್ಟು ನಾಜೂಕು. ನಾಗರತ್ನಾ ಅವರೇ, ಎರಡು ಸುತ್ತು ಹೆಣೆದು ತೋರಿಸ್ತೀರಾ?”

ನಾಗರತ್ನಾ ದಂಟು ಬಗ್ಗಿಸಿದಳು. ಪಟಕ್ಕನೆ ಮುರಿಯಿತು. ಇನ್ನೊಂದೂ ಮುರಿಯಿತು. ಗಂಡನ ಮುಖ ನೋಡದೆ ಹೇಳಿದಳು: “ನನಗ ಬರಂಗಿಲ್ರಿ. ಮಾಡಾಕಿ ಅಲ್ಲಿ ಕುಂತಾಳ.”

ಮೇಡಂ ಅನ್ನಮ್ಮನನ್ನು ವೇದಿಕೆಗೆ ಕರೆದು ಕುರ್ಚಿ ಕೊಟ್ಟರು. ಏನು ಬೇಕು ಎಂದು ಕೇಳಿದರು.

ಅನ್ನಮ್ಮನಿಗೆ ನಾಳೆಯ ಕೂಲಿ ನೆನಪಾಯಿತು. ದೌಲಪ್ಪನ ಮುಖ ನೋಡಿದ ಮೇಲೆ ಯಾಕೋ ನಗು ಬಂತು.

“ನೀರು ಬೇಕ್ರಿ. ಒಣ ದಂಟು ಮುರೀತದ. ಧಣೇರು ಜರಾ ತಂದು ಹಿಡೀತಾರೇನು ಕೇಳ್ರಿ.”

ಪತ್ರಿಕೆಯವರ ಕ್ಯಾಮೆರಾಗಳು ದೌಲಪ್ಪನ ಕಡೆ ತಿರುಗಿದವು. ಅವನು ಬೋಗುಣಿ ತಂದ. ಅವಳ ಬೊಗಸೆಗೆ ಮಾರು ಎತ್ತರದಿಂದ ನೀರು ಸುರಿದು ರೂಢಿಯಾಗಿದ್ದ ಕೈ ಅದು. ಅನ್ನಮ್ಮ ದಂಟಿನ ಜೊತೆ ಐದೂ ಬೆರಳುಗಳನ್ನು ಬೋಗುಣಿಯಲ್ಲಿ ಅದ್ದಿದಳು. ಅವನು ಕೆಳಗಿಡಲು ಬಾಗಿದ.

“ಇಡಬ್ಯಾಡ್ರಿ. ಮುಗಿಯೋತನ ಹಿಂಗ ಹಿಡಕೊಂಡು ನಿಂದರ್ರಿ.”

“ಎಷ್ಟೊತ್ತು ಆಗ್ತದ?” ದೌಲಪ್ಪ ಕೇಳಿದ.

ಅನ್ನಮ್ಮ ಮೊದಲ ಸುತ್ತು ಬಿಗಿದಳು.

“ಲಗೂನ ಆಗ್ತದ್ರಿ. ಮೂರು ದಿನ.”