ಕುಂಕುಮ ಹಚ್ಚಿದ ಬೈರಿಗೆ

ಬಡಗಿಗೆ ಹೇಳಿ ಹೇಳಿ ತೆರಕಣಾಂಬಿಯ ಚಿಕ್ಕಮಾದಮ್ಮನಿಗೆ ಸಾಕಾಗಿತ್ತು. ಆಡಿನ ಕೊಟ್ಟಿಗೆಗೆ ಚಿಲಕವಿರಲಿಲ್ಲ, ಬರೀ ಹಗ್ಗ ಬಿಗಿಯುತ್ತಿದ್ದರು. ಹೋದ ವಾರ ಚಿರತೆ ಬಾಗಿಲು ತಳ್ಳಿಕೊಂಡು ನುಗ್ಗಿ ಒಂದು ಆಡನ್ನು ಎಳೆದೊಯ್ದಿತ್ತು. ಉಳಿದದ್ದು ಎರಡೇ, ಅದರಲ್ಲೊಂದು ತುಂಬಿದ ಗಬ್ಬ. ಚಿಲಕವೇನೋ ಮನೆಯಲ್ಲಿತ್ತು. ಅದನ್ನು ಕೂರಿಸಲು ಹಲಗೆಗೆ ನಾಲ್ಕು ತೂತು ಬೇಕಿತ್ತು. ಬಡಗಿ ಇವತ್ತು ಬಂದೆ, ನಾಳೆ ಬಂದೆ ಎಂದು ತಿಂಗಳು ತಳ್ಳಿದ್ದ.

ಕೊನೆಗೆ ಗಂಡ ನಿಂಗಯ್ಯ ಚಾಮರಾಜನಗರಕ್ಕೆ ಹೋಗಿ, ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಬೈರಿಗೆ ತಂದ. ಕೆಂಪು ಹಿಡಿ, ಫಳಫಳ ಹೊಳೆಯುವ ಚಕ್ರ.

"ಎಂಟಾಣೆ ಕಮ್ಮಿ ಮಾಡಿಸ್ಕಂಡ್ ಬಂದಿವ್ನಿ ಕಣಮ್ಮಿ. ಇನ್ನು ಆ ಬಡಗಿ ಮುಖ ನೋಡಂಗಿಲ್ಲ" ಎಂದು ಬೀಗಿದ.

ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೊಟ್ಟಿಗೆಯ ಮುಂದೆ ಕೂತ. ಹಿಡಿ ತಿರುಗಿಸಿದ. ಚಕ್ರ ತಿರುಗಿತು, ಮೊನೆ ತಿರುಗಲಿಲ್ಲ. ಇನ್ನೂ ಒತ್ತಿದ. ಮೊನೆ ಕಳಚಿ ಗೊಬ್ಬರದಲ್ಲಿ ಬಿತ್ತು. ಹಲಗೆಯ ಮೇಲೆ ಒಂದು ಗೀರು ಬಿದ್ದಿತ್ತು, ಅಷ್ಟೆ.

"ಈ ಜಾಲಿ ಅಲ್ಗೆನೇ ಸರಿಯಿಲ್ಲ."

"ಅಲ್ಗೆ ಏನ್ ಮಾಡ್ತು ನಿಂಗೆ? ನಿನ್ ಕೈಯಾಗಿರೋದ್ನ ನೋಡು!" ಎಂದು ಚಿಕ್ಕಮಾದಮ್ಮ ರೇಗಿದಳು.

ಅವಳ ಅಣ್ಣ ರಾಚಯ್ಯ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಮರದ ಡಿಪೋದಲ್ಲಿ ಕೆಲಸಕ್ಕಿದ್ದ. ಅವತ್ತು ತಂಗಿಯ ಮನೆಗೆ ಬಂದವನು ಬೈರಿಗೆಯನ್ನು ಅಲ್ಲಾಡಿಸಿ ನೋಡಿದ.

"ಮೊನೆ ಇಡ್ಕೊಳೋ ದವಡೆನೇ ಸಡ್ಲ ಅದೆ. ಚಕ್ರದ ಅಲ್ಲುಗ್ಳೂ ಸರ್ಯಾಗಿ ಕಚ್ಚಲ್ಲ. ಅಂಗ್ಡೀಲಿ ಒಂದ್ ತೂತು ಆಕಿ ನೋಡ್ಲಿಲ್ವಾ ನಿಂಗಯ್ಯ?"

ನಿಂಗಯ್ಯ ತಲೆ ಕೆರೆದುಕೊಂಡ. "ಅಂಗ್ಡಿಯೋನು ಅಲ್ಗೆ ತುಂಡು ಕೊಟ್ಟ ಭಾವ. ನಾನೇ ಬ್ಯಾಡ ಅಂದೆ. ಪೂಜೆ ಆಗ್ದೆ ಒಸ ಕಬ್ಬುಣ ಮರ ಮುಟ್ಬಾರ್ದಲ್ವಾ?"

ಚಿಕ್ಕಮಾದಮ್ಮ ಹಣೆ ಚಚ್ಚಿಕೊಂಡಳು. "ಎತ್ತು ತರೋವಾಗ ಬಾಯಿ ಬುಡ್ಸಿ ಅಲ್ಲು ನೋಡ್ತೀಯ. ಆಗ ಪೂಜೆ ಆಗಿರ್ತದಾ? ಇದ್ಕೇನ್ ಬಂದಿತ್ತು?"

ಮರುದಿನ ನಿಂಗಯ್ಯ ಅದನ್ನು ವಾಪಸು ಕೊಡಲು ಹೋದ. ಅಂಗಡಿಯವನು ಚಕ್ರದ ಸಂದಿಯ ಅರಿಶಿನ ತೋರಿಸಿ, ರಸೀದಿ ಎಲ್ಲಿ ಎಂದ. ಎಂಟಾಣೆ ಕಮ್ಮಿಯ ಆಸೆಗೆ ರಸೀದಿಯನ್ನೇ ಬಿಟ್ಟು ಬಂದಿದ್ದ ನಮ್ಮ ಮಹಾರಾಯ! ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ. ಚಿರತೆ ಬಂದಾಗಿನಿಂದ ಆಡುಗಳು ಅಡುಗೆಮನೆಯಲ್ಲಿ ಮಲಗಿ, ಚಿಕ್ಕಮಾದಮ್ಮ ತಂದಿಟ್ಟ ಸೊಪ್ಪನ್ನೆಲ್ಲ ಮೇಯುತ್ತಿದ್ದವು.

ಬೇರೆ ಬೈರಿಗೆಯ ದುಡ್ಡಿಗೆ ಅವಳು ಹಲ್ಲು ಕಚ್ಚಿಕೊಂಡು ಮೊಟ್ಟೆ ಇಡುವ ಎರಡು ಕೋಳಿ ಮಾರಿದಳು. ಜಾಲಿ ಹಲಗೆಯ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡು, ಗಂಡನನ್ನೂ ಅಣ್ಣನನ್ನೂ ಕರೆದುಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

"ಏನ್ ಕೆಲ್ಸಕ್ಕೆ ಅಂತ ಅಂಗ್ಡಿಯೋನ್ಗೆ ಮೊದ್ಲು ಯೋಳು. ಆಮೇಲೆ ನಮ್ ಮರ್ದ ಮ್ಯಾಲೇ ಕೊರ್ದು ನೋಡು" ಎಂದು ರಾಚಯ್ಯ ದಾರಿಯುದ್ದಕ್ಕೂ ಹೇಳಿಕೊಟ್ಟ.

ಅಂಗಡಿಯಲ್ಲಿ ಅವಳೇ ಕೂತು ತಿರುಗಿಸಿದಳು. ಮೊದಲನೆಯದು ಜಾರಿತು. ಎರಡನೆಯದು ಕಿರುಗುಟ್ಟಿ ನಿಂತಿತು. ಬಣ್ಣ ಬಳಿಯದ ಕರಿ ಬೈರಿಗೆಯೊಂದು ಮಾತ್ರ ಹಲಗೆಯನ್ನು ಕಚ್ಚಿ, ಸುರುಳಿ ಸುರುಳಿ ಹೊಟ್ಟು ಉದುರಿಸಿತು.

"ಮೊನೆ ಮುರ್ದೋದ್ರೆ ಬ್ಯಾರೇದು ಇಲ್ಲೇ ಸಿಕ್ತದಾ?"

"ಸಿಗುತ್ತಮ್ಮ."

"ಅಂಗಾರೆ ರಸೀದಿ ಬರಿ. ತಿಂಗ್ಳೊಳಗೆ ಕೆಟ್ರೆ ಬದ್ಲಾಯ್ಸಿ ಕೊಡ್ತೀನಿ ಅಂತಾನೂ ಬರಿ."

ಅಂಗಡಿಯವನು ಗೊಣಗುತ್ತಲೇ ಬರೆದುಕೊಟ್ಟ. ನಿಂಗಯ್ಯ ಮೆಲ್ಲಗೆ, "ಪೂಜೆ?" ಎಂದ.

"ಮನೆಗೋಗಿ ಮಾಡನ. ಯಾರ್ ಬ್ಯಾಡ ಅಂದೋರು?"

ಸಂಜೆಗೆ ನಾಲ್ಕು ತೂತು ಬಿದ್ದು ಚಿಲಕ ಕೂತಿತು. ಎರಡು ದಿನ ಕಳೆದು ಚಿರತೆ ಬಂದು ಬಾಗಿಲು ಪರಚಿ ಹೋಯಿತು. ಬೆಳಿಗ್ಗೆ ನೋಡಿದರೆ ಒಳಗೆ ಗಬ್ಬದ ಆಡು ಎರಡು ಮರಿ ಹಾಕಿತ್ತು! ಬಾಗಿಲ ಮೇಲಿನ ಉಗುರಿನ ಗೆರೆ ಸವರುತ್ತಾ ನಿಂಗಯ್ಯ, "ತಪ್ಪಾಯ್ತು ಕಣಮ್ಮಿ. ಇನ್ಮ್ಯಾಕೆ ಏನ್ ತಂದ್ರೂ ಪರೀಕ್ಸೆ ಮಾಡೇ ತರೋದು" ಎಂದ.

"ಒಳ್ಳೇದಾಯ್ತು ಬುಡು. ನನ್ ಕೋಳಿ ಮಾತ್ರ ಬರಾಕಿಲ್ಲ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಗೆ ಬೈರಿಗೆ ತರುವಾಗ ಹೊಳಪಿಗೆ ಮರುಳಾಗಬೇಡಿ. ನಿಮ್ಮ ಮನೆಯ ಮರದ ತುಂಡು ಒಯ್ದು ಅಂಗಡಿಯಲ್ಲೇ ಕೊರೆದು ನೋಡಿ. ರಸೀದಿ ಕೇಳಿ ಪಡೆಯಿರಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ನೀವು ದುಡ್ಡು ಕೊಡುವುದು ಅವನ ಮುಖ ನೋಡುವುದಕ್ಕಲ್ಲ.