ರಫೂ ಅಕ್ಕನ ಕ್ಯಾಮೆರಾ

ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೆಂಬಂತೆ ಮಾಡಿಕೊಡುವವಳು ಆ ಬೀದಿಯಲ್ಲಿ ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ರಫೂ ಅಕ್ಕ. ನಲವತ್ತು ವರ್ಷ ಅಂಗಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಎಡಗಡೆಯಿಂದ ಬೀಳುವ ಬೆಳಕಿನಲ್ಲಿ ಕೂತು, ಕೋಟಿನ ಒಳಮಡಿಕೆಯಿಂದ ಎಳೆ ಕಿತ್ತು ತೂತಿಗೆ ನೇಯ್ದವಳು. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತದ್ದಿಲ್ಲ, ಒಡಹುಟ್ಟಿದ ತಂಗಿ ಕೂಡ. ತಂಗಿ ಎಡಗೈಯವಳು. ಹುಡುಗಿಯಾಗಿದ್ದಾಗ ಆಸೆಪಟ್ಟು ಸೂಜಿ ಹಿಡಿದವಳಿಗೆ ಅಕ್ಕ, "ನಿಂದೆಲ್ಲಾ ಉಲ್ಟಾ ಕಣೇ. ಹೋಗಿ ಇಸ್ತ್ರಿ ಮಾಡು" ಎಂದಿದ್ದಳು. ತಂಗಿ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಇವತ್ತಿಗೂ ಬಿಟ್ಟಿಲ್ಲ.

ಈಗ ಅಕ್ಕನ ಕಣ್ಣು ಕೈಕೊಟ್ಟಿತ್ತು. ನೋಟದ ನಟ್ಟನಡುವೆಯೇ ಮಸುಕು. ಕನ್ನಡಕ ಬದಲಿಸಿ ಉಪಯೋಗವಿಲ್ಲ, ದೊಡ್ಡದು ಮಾಡಿಕೊಂಡು ನೋಡಿದರೆ ಕಂಡೀತು ಎಂದರು ಡಾಕ್ಟರು. ಭೂತಗನ್ನಡಿ ಹಿಡಿದರೆ ಒಂದು ಕೈ ಅದಕ್ಕೇ ಹೋಯಿತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಟ್ಟೆಯ ಮೇಲೆ ಬಗ್ಗಿಸಿಟ್ಟು, ಪರದೆಯಲ್ಲಿ ಎಳೆ ನೋಡುತ್ತಾ ಸೂಜಿ ಆಡಿಸಬಹುದು ಎಂದು ಗಿರಾಕಿಯೊಬ್ಬರು ಹೇಳಿದ್ದೇ ತಡ, ಅಕ್ಕ ಹಟಕ್ಕೆ ಬಿದ್ದಳು. ಕಂಡರೆ ಅಂಗಡಿ, ಕಾಣದಿದ್ದರೆ ಬೀಗ.

"ಯಾಕಕ್ಕ ಸುಮ್ನೆ ತಲೆನೋವು? ಕೆಲಸ ಚೆನ್ನಾಗೇ ಆಗ್ತಿದೆಯಲ್ಲ, ಯಾರಾದ್ರೂ ದೂರು ಹೇಳಿದಾರಾ?" ಎಂದಳು ತಂಗಿ.

"ಇಲ್ಲ. ಕಣ್ಣು ಮಂಜಾದ್ರೂ ಕೈ ಮರೆತಿಲ್ಲ ನೋಡು" ಎಂದು ಅಕ್ಕ ಬೀಗಿದಳು.

ಪರೀಕ್ಷೆಗೆಂದು ಹಿಂದಿನ ವಾರ ಮುಗಿಸಿದ್ದ ಬೂದುಬಣ್ಣದ ಕೋಟನ್ನೇ ಚೀಲಕ್ಕೆ ಹಾಕಿಕೊಂಡಳು. ಕ್ಯಾಮೆರಾ ಅಂಗಡಿಯವನು ತಾಳ್ಮೆಯ ಮನುಷ್ಯ. ಮೊದಲು ಅಂಗೈಯಷ್ಟಗಲದ್ದೊಂದನ್ನು ತೋರಿಸಿದ. ಅದು ಹತ್ತಿರದ್ದನ್ನು ಹಿಡಿಯುತ್ತಿತ್ತು, ಆದರೆ ಬಟ್ಟೆಗೆ ಎರಡು ಬೆರಳಷ್ಟು ಸಮೀಪ ಬರಬೇಕು. ತನ್ನ ನೆರಳನ್ನು ತಾನೇ ಬೀಳಿಸಿಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತಿತ್ತು.

"ಸೂಜಿ ಎಲ್ಲಿ ತೂರಿಸ್ಲಪ್ಪಾ, ಇದರ ಮೂಗಿನೊಳಗಾ?" ಎಂದಳು ಅಕ್ಕ.

"ಹಗುರವಾಗಿದೆ, ಇದೇ ಸಾಕಲ್ಲಕ್ಕ" ಎಂದಳು ತಂಗಿ.

ಎರಡನೆಯದು ರಸ್ತೆಯಾಚೆಯ ತಂತಿಯ ಮೇಲೆ ಕೂತ ಹಕ್ಕಿಯ ಕೊಕ್ಕನ್ನೂ ತೋರಿಸಿತು, ಮೇಜಿನ ಮೇಲಿನ ಕೋಟು ಮಾತ್ರ ಗಂಜಿಯಂತೆ ಕಲಸಿಹೋಯಿತು.

"ಇದನ್ನೇ ತಗೋ. ನಮ್ಮಿಬ್ಬರ ಫೋಟೋನೂ ತೆಗೀಬಹುದು."

"ನಮ್ಮ ಮುಖ ನೋಡಿ ನೋಡಿ ಸಾಕಾಗಿದೆ ಮಾರಾಯ್ತಿ. ನಿಂಗ್ಯಾಕೆ ಇಷ್ಟು ಅವಸರ?"

ತಂಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಮೂರನೆಯದಕ್ಕೆ ಹತ್ತಿರದ ಚಿತ್ರಕ್ಕೆಂದೇ ಮಾಡಿದ ಲೆನ್ಸು. ಮೊಳದಷ್ಟು ಮೇಲೆ ನಿಂತೇ ಎಳೆಯನ್ನು ಹಿಡಿಯುತ್ತಿತ್ತು. ನಡುವೆ ಎರಡು ಕೈಗೂ ಧಾರಾಳ ಜಾಗ. ಅಂಗಡಿಯವನು ಕೋಟಿನ ತೋಳನ್ನು ಒಳಮೈ ಮೇಲೆ ಮಾಡಿ ಹರಡಿ, ಚಿತ್ರ ತೆಗೆದು ಪರದೆಯಲ್ಲಿ ಹಿಗ್ಗಿಸಿದ. ಅಕ್ಕ ಮುಖ ಓರೆಮಾಡಿ, ಕಣ್ಣಂಚಿನಿಂದ ನೋಡಿದಳು. ಒಂದು ವರ್ಷದಿಂದ ಕಾಣದಿದ್ದ ಎಳೆಗಳು ಹಗ್ಗದಷ್ಟು ದಪ್ಪ ಕಂಡವು. ಖುಷಿಯಿಂದ ಅವಳು ಪರದೆಯ ಮೇಲೆ ಬೆರಳಿಟ್ಟು ಎಳೆ ಎಣಿಸತೊಡಗಿದಳು.

ನಡುವೆಯೇ ಅವಳ ಬೆರಳು ನಿಂತಿತು. ಅವಳ ಸೂಜಿ ಬಲದಿಂದ ಎಡಕ್ಕೆ ಹೋಗುತ್ತದೆ. ಕತ್ತರಿಸಿದ ತುದಿಗಳು ಎಡಕ್ಕೇ ಮಲಗುತ್ತವೆ, ನಲವತ್ತು ವರ್ಷದಿಂದ ಹಾಗೆಯೇ. ಇಲ್ಲಿ ಎಲ್ಲವೂ ಬಲಕ್ಕೆ ಮಲಗಿದ್ದವು.

"ಚಿತ್ರ ಕನ್ನಡಿ ಥರ ತಿರುಗಿದೆಯೇನಪ್ಪಾ?"

"ಇಲ್ಲಮ್ಮ" ಎಂದು ಅವನು ಬೆಲೆಚೀಟಿಯನ್ನು ಲೆನ್ಸಿನ ಕೆಳಗಿಟ್ಟ. ಅಂಕಿಗಳು ನೆಟ್ಟಗೇ ಇದ್ದವು.

ನಡುವೆ ಒಂದೇ ಒಂದು ಸಾಲಿನ ತುದಿ ಎಡಕ್ಕೆ ಮಲಗಿತ್ತು. ಅದರಲ್ಲಿ ಎರಡು ಎಳೆ ತಪ್ಪಿ, ದಾರ ಹಾದಿಬಿಟ್ಟು ಅಲೆದಿತ್ತು. ಅದನ್ನು ಕಿತ್ತರೆ ಬಟ್ಟೆಯೇ ಹರಿಯುತ್ತಿತ್ತು, ಅದಕ್ಕೇ ಉಳಿಸಿದ್ದಾರೆ. ಉಳಿದದ್ದನ್ನೆಲ್ಲ ಬಿಚ್ಚಿ ಎಡಗೈಯಲ್ಲಿ ಮತ್ತೆ ನೇಯ್ದವರು ಯಾರೆಂದು ಅಕ್ಕ ಕೇಳಬೇಕಾಗಿರಲಿಲ್ಲ. ಆ ಕೋಟಿನಲ್ಲಿ ಅವಳದ್ದೆಂದು ಇದ್ದದ್ದು ಆ ತಪ್ಪು ಸಾಲೊಂದೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಯಾವಾಗಿಂದ?" ಎಂದಳು, ತಿರುಗಿ ನೋಡದೆ.

"ಹೋದ ವರ್ಷದಿಂದ" ಎಂದಳು ತಂಗಿ. "ಮಧ್ಯಾಹ್ನ ನೀನು ಮಲಗಿದ ಮೇಲೆ. ಇಸ್ತ್ರಿ ಮೇಜಿನ ಮೇಲೇ. ನಿನ್ನ ಕುರ್ಚಿ ಮುಟ್ಟಿಲ್ಲಕ್ಕ, ಆಣೆ."

ಮುಟ್ಟಿಲ್ಲವೆಂದದ್ದೇ ಅಕ್ಕನ ಎದೆಗೆ ನಾಟಿತು. ಹಿತ್ತಲ ಗಿಡ ಮದ್ದಲ್ಲವೆಂದು ಈ ಕೈಯನ್ನು ನಲವತ್ತು ವರ್ಷ ಇಸ್ತ್ರಿ ಪೆಟ್ಟಿಗೆಗೆ ಕಟ್ಟಿಹಾಕಿದವಳು ತಾನೇ. ಕಲಿಸಿದವರಿಲ್ಲದೆ, ದೂರದಿಂದ ನೋಡಿಯೇ ಕಲಿತಿದ್ದಾಳೆ. ಅಕ್ಕ ಮತ್ತೆ ಪರದೆಗೆ ಬಗ್ಗಿದಳು. ಸಾಲುಗಳು ಸಮವಾಗಿದ್ದವು, ಅವಳ ಒಳ್ಳೆಯ ಕಾಲದಲ್ಲಿ ಅವಳು ಹಾಕುತ್ತಿದ್ದಷ್ಟೇ ಸಮ.

"ಮೂಲೇಲಿ ದಾರ ಬಿಗಿ ಹಿಡಿದಿದೀಯ" ಎಂದಳು. "ಸ್ವಲ್ಪ ಸಡಿಲ ಬಿಡಬೇಕು."

"ಹೂಂ, ಅಕ್ಕ."

"ಇದು ಬೇಡ ಅಂತೀರಾಮ್ಮ?" ಎಂದ ಅಂಗಡಿಯವನು, ಇಬ್ಬರ ಮುಖವನ್ನೂ ನೋಡಿ.

"ಇದೇ ಕೊಡಪ್ಪಾ. ಅವಳು ಹೊಲೀತಾಳೆ, ನಾನು ಇದರಲ್ಲಿ ನೋಡಿ ತಪ್ಪು ಹೇಳ್ತೀನಿ."

ತಂಗಿ ಬಿಕ್ಕಿದಳು. ಅಕ್ಕ ಕೋಟನ್ನು ನಿಧಾನವಾಗಿ ಮಡಿಸಿ ಚೀಲಕ್ಕೆ ಹಾಕಿದಳು. ಇಬ್ಬರೂ ತಮ್ಮ ಅಂಗಡಿಗೆ ಮರಳಿದರು. ಅಂಗಡಿಯ ಬಾಗಿಲು ತೆಗೆದವಳೇ ಅಕ್ಕ ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಕುರ್ಚಿಯ ಬೆನ್ನಿಗೆ ಕೈಹಾಕಿದಳು.

"ಆ ಕಡೆ ಹಿಡ್ಕೋ, ತಿರುಗಿಸೋಣ. ಎಡಗೈಯವಳಿಗೆ ಬೆಳಕು ಬಲಗಡೆಯಿಂದ ಬರಬೇಕು."